ಅಳತೆಗೆ 9 ಇಂಚು, ಲೆಕ್ಕಕ್ಕೆ 4 ಇಂಚು: ಒಂದು ಇಟ್ಟಿಗೆ ಗೋಡೆಯ ಪ್ರಕರಣ

ಹಿನ್ನೆಲೆ

ಹಳೆ ಮನೆಗೆ ಅಂಟಿಸಿ ಕಟ್ಟಿದ ಒಂದು ಕೋಣೆ. ಅಗಲ 3.6 ಮೀಟರ್, ಉದ್ದ 5.4 ಮೀಟರ್, ಎತ್ತರ 3 ಮೀಟರ್. ಕಂಬ ಇಲ್ಲ, ಬೀಮ್ ಇಲ್ಲ. ಎರಡು ಉದ್ದದ ಗೋಡೆಗಳ ಮೇಲೆ ನೇರವಾಗಿ ಆರ್‌ಸಿಸಿ ತಾರಸಿ ಕೂತಿದೆ. ಕಟ್ಟಿ ಮೂರು ವರ್ಷ ಆಗಿತ್ತು. ಈಗ ಮನೆಯವರಿಗೆ ಅದರ ಮೇಲೆ ಇನ್ನೊಂದು ಕೋಣೆ ಎಬ್ಬಿಸುವ ಆಸೆ. ಗೋಡೆ ತಡೆಯುತ್ತದಾ ನೋಡಿ ಹೇಳಿ ಎಂದು ನನ್ನನ್ನು ಕರೆದರು.

ಊರು, ಹೆಸರು, ಗುರುತು ಸಿಗುವಂಥ ವಿವರ ಎಲ್ಲ ಬಿಟ್ಟಿದ್ದೇನೆ. ಲೆಕ್ಕ ಓದಲು ಸುಲಭ ಆಗಲಿ ಎಂದು ಅಳತೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅದರಲ್ಲಿ ಒಂದು ನನ್ನದೇ.

ಅವತ್ತು ಮನೆಯವರು ಮೊದಲು ತೋರಿಸಿದ್ದು ಒಂದು ಬಿರುಕು. ಹೊಸ ಗೋಡೆ ಹಳೆ ಗೋಡೆಗೆ ಸೇರುವ ಮೂಲೆಯಲ್ಲಿ, ನೆಲದಿಂದ ತಾರಸಿಯವರೆಗೆ ದಾರ ಹಿಡಿದ ಹಾಗೆ ನೆಟ್ಟಗೆ ಸೀಳಿತ್ತು. ಮೂರು ಸಲ ಪುಟ್ಟಿ ತುಂಬಿಸಿ ಬಣ್ಣ ಹೊಡೆದಿದ್ದರಂತೆ. ಒಮ್ಮೆ ಪ್ಲಾಸ್ಟರ್ ಕೆತ್ತಿ, ಕೋಳಿ ಜಾಲರಿ ಬಡಿದು ಮತ್ತೆ ಪ್ಲಾಸ್ಟರ್ ಮಾಡಿಸಿದ್ದರು. ಆಮೇಲೆ ಬಿರುಕು ಜಾಲರಿಯ ಅಂಚಿನಲ್ಲಿ ಹುಟ್ಟಿತು.

ಈ ಬಿರುಕಿನ ಕಾರಣ ಹೇಳಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಹಳೆ ಗೋಡೆಯ ಪ್ಲಾಸ್ಟರ್ ತೆಗೆಯದೆ ಹೊಸ ಗೋಡೆಯನ್ನು ಅದಕ್ಕೆ ಒರಗಿಸಿದ್ದರು. ಹಲ್ಲು ಬಿಟ್ಟು, ಅಂದರೆ ಇಟ್ಟಿಗೆಗಳನ್ನು ಬಿಟ್ಟು ಬಿಟ್ಟು ಚಾಚಿಸಿ, ಒಂದಕ್ಕೊಂದು ಕಚ್ಚಿಸಿರಲಿಲ್ಲ. ಅಡ್ಡ ಗೋಡೆಗಳ ಮೂಲೆ ಹೇಗಿರಬೇಕು ಅಂತ ಭೂಕಂಪಕ್ಕೆ ನಿಲ್ಲುವ ಕಟ್ಟಡಗಳ ಭಾರತೀಯ ಮಾನಕ ಐಎಸ್ 4326 ಬಿಡಿಸಿ ಹೇಳುತ್ತದೆ: ಮೂಲೆಗಳನ್ನು ಮೊದಲು 600 ಮಿ.ಮೀ. ಎತ್ತರಕ್ಕೆ ಮೆಟ್ಟಿಲಿನ ಹಾಗೆ ಕಟ್ಟಿ ನಡುವಿನ ಗೋಡೆ ತುಂಬಿಸಬೇಕು. ಅದು ಆಗದಿದ್ದರೆ ಸುಮಾರು 450 ಮಿ.ಮೀ.ಗೊಮ್ಮೆ ಎರಡೂ ಗೋಡೆಗಳಲ್ಲಿ ಒಂದಾದ ಮೇಲೊಂದು ಹಲ್ಲು ಬಿಡಬೇಕು. ಇಲ್ಲಿ ಎರಡೂ ಇಲ್ಲ. ಹಳೆ ಪಾಯ ಕೂತು ಗಟ್ಟಿಯಾಗಿದೆ, ಹೊಸದು ಇನ್ನೂ ಕೂರುತ್ತಿದೆ, ನಡುವೆ ಹಿಡಿತ ಇಲ್ಲ. ಬಿರುಕು ಬಿಡದೆ ಇನ್ನೇನು ಮಾಡುತ್ತೆ?

ಕಾರಣ ಸಿಕ್ಕಿತು ಅನ್ನುವ ಸಮಾಧಾನವೇ ನನ್ನನ್ನು ಮುಂದಿನದಕ್ಕೆ ಕುರುಡು ಮಾಡಿತು.

ನಾನು "ಸರಿ ಇದೆ" ಅಂದದ್ದು

ಮೇಲೆ ಕಟ್ಟಬಹುದಾ ಎಂದು ನೋಡಲು ಗೋಡೆ ದಪ್ಪ ಅಳೆದೆ. ಎಲ್ಲಿ? ಎಲ್ಲರೂ ಅಳೆಯುವ ಕಡೆಯೇ, ಬಾಗಿಲ ಪಕ್ಕ. ಪ್ಲಾಸ್ಟರ್ ಕಳೆದರೆ 230 ಮಿ.ಮೀ., ಅಂದರೆ 9 ಇಂಚು. ಬಾಗಿಲ ಅಂಚಿನಲ್ಲಿ ಇಟ್ಟಿಗೆಗಳು ಅಡ್ಡಡ್ಡ ಕೂತದ್ದು ಚೌಕಟ್ಟಿನ ಸಂದಿಯಲ್ಲಿ ಕಾಣುತ್ತಿತ್ತು. ಹಿಂದಿನ ಉದ್ದ ಗೋಡೆಯ ಹೊರಮೈಗೆ ಪ್ಲಾಸ್ಟರ್ ಆಗಿರಲಿಲ್ಲ. ಅಲ್ಲಿ ಇಟ್ಟಿಗೆಗಳು ಒಂದಕ್ಕೊಂದು ಕಚ್ಚುವ ಜೋಡಣೆ, ಅಂದರೆ ಬಾಂಡ್, ಚೊಕ್ಕ ಇಂಗ್ಲಿಷ್ ಬಾಂಡ್: ಒಂದು ವರಸೆ ಉದ್ದ ಇಟ್ಟಿಗೆ, ಅದರ ಮೇಲೆ ಒಂದು ವರಸೆ ಗೋಡೆಯ ದಪ್ಪಕ್ಕೆ ಅಡ್ಡ ಕೂತ ಇಟ್ಟಿಗೆ, ಮೂಲೆಯಲ್ಲಿ ಕ್ಲೋಸರ್ (ಸಂದು ಹೊಂದಿಸಲು ಕತ್ತರಿಸಿದ ಇಟ್ಟಿಗೆ) ಕೂಡ ಸರಿಯಾದ ಜಾಗದಲ್ಲಿ. ಕಟ್ಟಿದ ಮೇಸ್ತ್ರಿಗೆ ಕೆಲಸ ಗೊತ್ತು ಅಂತ ಖುಷಿಯಾಯಿತು.

ಅಲ್ಲೇ ಕೂತು ಲೆಕ್ಕ ಹಾಕಿದೆ. ಕಂಬಿ ಇಲ್ಲದ ಗೋಡೆಗಳಿಗೆ ನಮ್ಮಲ್ಲಿ ಇರುವ ಸಂಹಿತೆ ಐಎಸ್ 1905, 1987ರದ್ದು. ಗೋಡೆ ಎಷ್ಟು ತೆಳ್ಳಗಿರಬಹುದು ಎಂದು ಅದು ಬರೀ ಇಂಚಿನಲ್ಲಿ ಹೇಳುವುದಿಲ್ಲ. ಎತ್ತರವನ್ನು ದಪ್ಪದಿಂದ ಭಾಗಿಸಿದಾಗ ಬರುವ ಅನುಪಾತ ನೋಡುತ್ತದೆ. ಸಿಮೆಂಟ್ ಗಾರೆಯ ಗೋಡೆಗೆ ಅದು 27 ದಾಟಬಾರದು. ಎತ್ತರವನ್ನೂ ಪೂರ್ತಿ ಹಿಡಿಯಬೇಕಿಲ್ಲ. ಆರ್‌ಸಿಸಿ ತಾರಸಿ ಗೋಡೆಯ ಮೇಲೆ ಕನಿಷ್ಠ 9 ಸೆಂ.ಮೀ. ಕೂತಿದ್ದರೆ ತಲೆ, ಬುಡ ಎರಡೂ ಹಿಡಿತದಲ್ಲಿವೆ ಎಂದು ಎತ್ತರದ 0.75 ಭಾಗ ಸಾಕು. 3 ಮೀಟರ್‌ಗೆ 2.25 ಮೀಟರ್. ಅದನ್ನು 230ರಿಂದ ಭಾಗಿಸಿದರೆ ಹತ್ತರ ಒಳಗೇ ಬಂತು.

ಅನುಪಾತ ಏರಿದಂತೆ ಗೋಡೆ ಹೊರುವ ಒತ್ತಡವನ್ನು ಕಡಿಮೆ ಹಿಡಿಯಬೇಕು. ಅನುಪಾತ 6 ಇದ್ದರೆ ಕಡಿತ ಇಲ್ಲ, 10ಕ್ಕೆ 0.89, 20ಕ್ಕೆ 0.62, 27ಕ್ಕೆ 0.43. ನಮ್ಮ ಗೋಡೆಗೆ ಹೆಚ್ಚುಕಮ್ಮಿ 0.9. ಚದರ ಮಿ.ಮೀ.ಗೆ 3.5 ನ್ಯೂಟನ್ ಬಲದ ಸಾಧಾರಣ ಇಟ್ಟಿಗೆ, 1:5 ಗಾರೆ (ಒಂದು ಪಾಲು ಸಿಮೆಂಟ್, ಐದು ಪಾಲು ಮರಳು) ಎಂದರೆ ಮೂಲ ಒತ್ತಡ ಚದರ ಮಿ.ಮೀ.ಗೆ 0.35 ನ್ಯೂಟನ್. ಗುಣಿಸಿದರೆ 0.31. ಎರಡು ತಾರಸಿ, ಎರಡು ಮಹಡಿಯ ಗೋಡೆಯ ತೂಕ ಎಲ್ಲ ಸೇರಿ ಮೀಟರ್ ಉದ್ದಕ್ಕೆ ಸುಮಾರು 49 ಕಿಲೋನ್ಯೂಟನ್. 230ರ ಮೇಲೆ ಹಂಚಿದರೆ 0.21. ಆರಾಮ.

"ಪಾಯ ಒಮ್ಮೆ ಅಗೆದು ನೋಡೋಣ. ಗೋಡೆ ಏನೋ ಸರಿ ಇದೆ" ಅಂದೆ. ಬರೆದು ಕೊಟ್ಟಿರಲಿಲ್ಲ ಅನ್ನುವುದೊಂದೇ ಪುಣ್ಯ.

ಉಳಿ ಒಳಗೆ ಹೋದ ದಿನ

ಮೇಲಿನ ಕೋಣೆಗೆ ವೈರ್ ಎಳೆಯಲು ಮುಂದಿನ ಗೋಡೆಯ ಒಳಗಡೆ ಸ್ವಿಚ್ ಬಾಕ್ಸ್ ಕೂರಿಸಬೇಕಿತ್ತು. ಎಲೆಕ್ಟ್ರಿಷಿಯನ್ ಹುಡುಗ ಉಳಿ ಹಿಡಿದು ಕೆತ್ತುತ್ತಿದ್ದ. ಇಟ್ಟಿಗೆ ಒಡೆದ ಕೂಡಲೇ ಉಳಿ ಕೈಯಿಂದ ಜಾರಿ ಗೋಡೆಯೊಳಗೆ ಬಿತ್ತು. ಬಿದ್ದ ಸದ್ದು ಮೊಣಕಾಲಿನ ಮಟ್ಟದಿಂದ ಬಂತಂತೆ.

ಸಂಜೆ ನಾನು ಹೋಗಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಒಳಗಿನ ಇಟ್ಟಿಗೆ ಪದರ, ಅದರ ಹಿಂದೆ ಬೆರಳು ತೂರದಷ್ಟು ಸಂದು, ಅದರಾಚೆ ಹೊರಗಿನ ಪದರದ ಬೆನ್ನು. ಸಂದಿನಲ್ಲಿ ಅಲ್ಲಲ್ಲಿ ಗಾರೆಯ ಉಂಡೆಗಳು ಒಣಗಿ ನೇತಾಡುತ್ತಿದ್ದವು. ಸ್ಟೀಲ್ ಸ್ಕೇಲ್ ಇಳಿಬಿಟ್ಟರೆ 30 ಸೆಂ.ಮೀ. ಪೂರ್ತಿ ಇಳಿಯಿತು. ಎರಡು ಪದರ ದಾಟುವ ಒಂದೇ ಒಂದು ಅಡ್ಡ ಇಟ್ಟಿಗೆ ಕಣ್ಣಿಗೆ ಬೀಳಲಿಲ್ಲ.

ಮರುದಿನ ಗೋಡೆಯ ಹನ್ನೆರಡು ಕಡೆ ಸಣ್ಣ ತೂತು ಕೊರೆದೆವು. ಒಂಬತ್ತು ಕಡೆ ಡ್ರಿಲ್ ಅರ್ಧ ದಾರಿಯಲ್ಲಿ ತಟಕ್ಕನೆ ಮುಂದಕ್ಕೆ ಜಿಗಿಯಿತು. ಗಟ್ಟಿಯಾಗಿ ಸಿಕ್ಕ ಮೂರೂ ಜಾಗ ಬಾಗಿಲು ಕಿಟಕಿಯ ಅಂಚಿನಲ್ಲಿ. ಅಂದರೆ ನಾನು ಟೇಪು ಹಿಡಿದ ಜಾಗ ಮಾತ್ರ ನಿಜವಾದ 9 ಇಂಚಿನ ಗೋಡೆ. ಉಳಿದದ್ದೆಲ್ಲ ಅಕ್ಕಪಕ್ಕ ನಿಂತ ಎರಡು ಬೇರೆ ಬೇರೆ ಗೋಡೆ.

ಕಾರಣ ಹುಡುಕಿದಾಗ

ಕಟ್ಟಿದ ಮೇಸ್ತ್ರಿಯನ್ನು ಕರೆಸಿದೆವು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು. "ಹಿಂದಿನ ಗೋಡೆ ಅಷ್ಟು ಚೆನ್ನಾಗಿ ಕಟ್ಟಿದ್ದೀರಿ, ಮುಂದಿನದ್ದು ಯಾಕೆ ಹೀಗೆ?" ಎಂದು ಕೇಳಿದೆ. ಅವರು ಏನೂ ಹೇಳದೆ ಅಂಗಳದ ಮೂಲೆಯಿಂದ ಎರಡು ಇಟ್ಟಿಗೆ ಎತ್ತಿ ತಂದು ಕಟ್ಟೆ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ಸಾಧಾರಣ ಸುಟ್ಟ ಇಟ್ಟಿಗೆ, 70 ಮಿ.ಮೀ. ಎತ್ತರ. ಇನ್ನೊಂದು ಮುಂದಿನ ಗೋಡೆಗೆ ಚೆಂದ ಕಾಣಲಿ ಎಂದು ಮನೆಯವರು ಆಮೇಲೆ ಕೊಂಡು ತಂದ ವೈರ್‌ಕಟ್ (ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ) ಇಟ್ಟಿಗೆ, 75 ಮಿ.ಮೀ.

"ಇವೆರಡನ್ನ ನೀವೇ ಒಂದು ವರಸೆಗೆ ತನ್ನಿ ಸಾರ್" ಅಂದರು.

ಲೆಕ್ಕ ನೋಡಿ. 10 ಮಿ.ಮೀ. ಗಾರೆ ಸೇರಿದರೆ ಒಳಗಿನ ಒಂದು ವರಸೆ 80, ಹೊರಗಿನದು 85. ಎರಡನೇ ವರಸೆಗೇ 10 ಮಿ.ಮೀ. ವ್ಯತ್ಯಾಸ. ಒಳಗೆ 17 ವರಸೆ, ಹೊರಗೆ 16 ವರಸೆ ಆದಾಗ ಎರಡೂ 1360 ಮಿ.ಮೀ.ನಲ್ಲಿ ಸಮ ಬರುತ್ತವೆ. ಆಮೇಲೆ ಸಮ ಬರುವುದು 2720ಕ್ಕೆ, ಅಷ್ಟರಲ್ಲಿ ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ) ಮುಗಿದಿರುತ್ತದೆ. ಅಡ್ಡ ಇಟ್ಟಿಗೆ ಎರಡೂ ಪದರದ ಮೇಲೆ ಮಟ್ಟಸವಾಗಿ ಕೂರಬೇಕು, ಅಲ್ವಾ? ಇಡೀ ಎತ್ತರದಲ್ಲಿ ಅದಕ್ಕೆ ಎರಡೇ ಅವಕಾಶ. ಬಾಗಿಲ ಅಂಚಿನಲ್ಲಿ ಹೊರಗೂ ಸಾಧಾರಣ ಇಟ್ಟಿಗೆಯನ್ನೇ ಇಟ್ಟು ಮೇಲೆ ಪಟ್ಟಿ ಪ್ಲಾಸ್ಟರ್ ಮಾಡಿದ್ದರಿಂದ ಅಲ್ಲಿ ಬಾಂಡ್ ಕೂತಿತ್ತು.

ಹಾಗಾಗಿ ಇದನ್ನು ಕೆಲಸಗಾರನ ಸೋಮಾರಿತನ ಅಂತ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಇಟ್ಟಿಗೆ ಆರಿಸಿದ ದಿನವೇ ಬಾಂಡ್ ಹೋಗಿತ್ತು. ಆಗ ಮೇಸ್ತ್ರಿ ಕೆಲಸ ನಿಲ್ಲಿಸಿ ಕೇಳಬೇಕಿತ್ತು, ಕೇಳಲಿಲ್ಲ. ಕೇಳಿದ್ದರೂ ಉತ್ತರ ಕೊಡುವವರು ಸೈಟಿನಲ್ಲಿ ಯಾರೂ ಇರಲಿಲ್ಲ.

ಅದರ ಮೇಲೆ ಇನ್ನೊಂದು ಅಂದದ ನಿರ್ಧಾರ. ತಾರಸಿಯ ಕಾಂಕ್ರೀಟ್ ಅಂಚು ಹೊರಗೆ ಕಾಣಬಾರದು ಎಂದು ತಾರಸಿಯನ್ನು ಒಳಗಿನ ಪದರದ ಮೇಲೇ ನಿಲ್ಲಿಸಿದ್ದರು. ಹೊರಗಿನ ಪದರ ತಾರಸಿಯನ್ನು ಮುಟ್ಟದೆ ಅದರ ಮುಂದಿನಿಂದ ಹಾದು ಪ್ಯಾರಪೆಟ್ ಆಗಿತ್ತು. ಬುಡದಿಂದ ತುದಿಗೆ 4 ಮೀಟರ್ ಚಿಲ್ಲರೆ, ದಪ್ಪ 105 ಮಿ.ಮೀ.

ಲೆಕ್ಕ ಮತ್ತೆ

ದಪ್ಪ ಅಂದರೆ ಏನು ಅನ್ನುವುದಕ್ಕೆ ಸಂಹಿತೆಯಲ್ಲಿ ಎರಡು ಪದ ಇವೆ. ಎರಡು ಬಗೆಯ ಇಟ್ಟಿಗೆ ಬಳಸಿದರೂ ಮುಂದಿನ ಪದರ, ಹಿಂದಿನ ಪದರ ಸೇರಿ ಒಟ್ಟಿಗೆ ಭಾರ ಹೊರುವಂತೆ ಕಚ್ಚಿಸಿದ್ದರೆ ಅದು 'ಫೇಸ್ಡ್' ಗೋಡೆ. ಅದಕ್ಕೆ ಪೂರ್ತಿ ದಪ್ಪ ಲೆಕ್ಕಕ್ಕೆ ಸಿಗುತ್ತದೆ. ಮುಂದಿನ ಪದರ ಸುಮ್ನೆ ಅಂಟಿಕೊಂಡಿದ್ದು, ಭಾರ ಹೊರಲು ಜೊತೆಗೆ ಬರದಿದ್ದರೆ ಅದು 'ವೆನೀರ್' ಗೋಡೆ. ಆಗ ಹಿಂದಿನ ಪದರದ್ದಷ್ಟೇ ಲೆಕ್ಕ. ನಮ್ಮದು ವೆನೀರ್ ಕೂಡ ಅಲ್ಲ, ಯಾಕೆಂದರೆ ಅಂಟಿಕೊಂಡೂ ಇರಲಿಲ್ಲ.

ಒಳಗಿನ 110 ಮಿ.ಮೀ., ಅಂದರೆ 4 ಇಂಚು ಚಿಲ್ಲರೆ, ಮಾತ್ರ ಹಿಡಿದರೆ ಅನುಪಾತ 20.5. 27ರ ಒಳಗೇ ಇದೆ! ಇಲ್ಲಿ ತುಂಬ ಜನ ಎಡವುತ್ತಾರೆ. ಅನುಪಾತ ಪಾಸಾದರೆ ಗೋಡೆ ಪಾಸು ಅಂದುಕೊಳ್ಳುತ್ತಾರೆ. ಆದರೆ ಕಡಿತದ ಅಂಕ 0.61ಕ್ಕೆ ಇಳಿಯಿತು, ದಪ್ಪ ಅರ್ಧಕ್ಕಿಂತ ಕಡಿಮೆ ಆಯಿತು. ಎರಡೂ ಸೇರಿದರೆ ಗೋಡೆಯ ತಾಕತ್ತು ನಾನು ಮೊದಲು ಹಾಕಿದ ಲೆಕ್ಕದ ಮೂರರಲ್ಲಿ ಒಂದು ಪಾಲು. ಈಗಿರುವ ಒಂದು ತಾರಸಿಗೆ ಒತ್ತಡ 0.16, ಹೊರಬಹುದಾದ್ದು 0.21. ಬಚಾವ್. ಮೇಲೆ ಇನ್ನೊಂದು ಕೋಣೆ ಬಂದರೆ 0.38. ತಡೆಯುವುದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು. ಭಾರ ನಡುವಿನಿಂದ ಸರಿದು ಕೂತಿರುವ ಕಡಿತವನ್ನು ನಾನಿನ್ನೂ ಸೇರಿಸಿಲ್ಲ.

ಹೊರಗಿನ ಪದರದ ಕಥೆ ಬೇರೆ. ಅದು ಭಾರ ಹೊರುವುದಿಲ್ಲ, ಗಾಳಿಗೆ ನಿಲ್ಲಬೇಕು. ಒಂಟಿಯಾಗಿ ನಿಂತ ಗೋಡೆಗೆ ಐಎಸ್ 1905 ಕೊಡುವ ಎತ್ತರ-ದಪ್ಪದ ಅನುಪಾತ, ಗಾಳಿಯ ಒತ್ತಡ ಚದರ ಮೀಟರ್‌ಗೆ 285 ನ್ಯೂಟನ್‌ವರೆಗೆ 10, 575ರವರೆಗೆ 7, 860ರವರೆಗೆ 5. ನಮ್ಮ ಪದರದ್ದು 38. ಎರಡು ಕೊನೆಯ ಹಿಡಿತದಲ್ಲಿ ನಿಂತಿತ್ತು ಅಷ್ಟೇ, ಅದರಲ್ಲೂ ಒಂದು ಕೊನೆ ಆಗಲೇ ಬಿರುಕು ಬಿಟ್ಟದ್ದು. ತೂಗುಗುಂಡು ಇಳಿಬಿಟ್ಟು ನೋಡಿದರೆ ಪ್ಯಾರಪೆಟ್ ಮಟ್ಟದಲ್ಲಿ ನಡುಭಾಗ 14 ಮಿ.ಮೀ. ಹೊರಗೆ ಬಾಗಿತ್ತು. ಅದರ ಕೆಳಗೆ ಮಕ್ಕಳ ಸೈಕಲ್ ನಿಲ್ಲಿಸುತ್ತಿದ್ದರು. ಅವತ್ತೇ ತೆಗೆಸಿ, ಹಗ್ಗ ಕಟ್ಟಿಸಿದೆ.

ದಪ್ಪ ಇದ್ದರೆ ಸಾಕು ಅನ್ನುವವರಿಗೆ ನಾನು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನೆನಪಿಸುತ್ತೇನೆ. ಲಾತೂರ್ ಕಡೆಯ ಆ ಊರುಗಳಲ್ಲಿ ಕಲ್ಲಿನ ಗೋಡೆಗಳು ನಮ್ಮ 9 ಇಂಚಿಗಿಂತ ಎಷ್ಟೋ ದಪ್ಪ. ಒಳಮುಖ ಒಂದು, ಹೊರಮುಖ ಒಂದು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡು ಮುಖ ದಾಟುವ ಕಲ್ಲು ಇರಲಿಲ್ಲ. ಅದುರಿದಾಗ ಮುಖಗಳು ಬೇರ್ಪಟ್ಟು ಕುಸಿದವು, ಸಾವಿರಾರು ಜನ ಮಣ್ಣಿನಡಿ ಹೋದರು. ಪ್ರತಿ 600 ಮಿ.ಮೀ. ಎತ್ತರಕ್ಕೆ, 1.2 ಮೀಟರ್‌ಗಿಂತ ದೂರ ಹೋಗದ ಹಾಗೆ, ಗೋಡೆಯ ಪೂರ್ತಿ ದಪ್ಪದ ಕಲ್ಲು ಇಡಿ ಅನ್ನುವ ನಿಯಮ ಕಲ್ಲಿನ ಗೋಡೆಗಳಿಗಿದೆ. ಇಟ್ಟಿಗೆಯಲ್ಲಿ ಅದೇ ಕೆಲಸ ಅಡ್ಡ ಇಟ್ಟಿಗೆಯದು.

ಏನೇನು ಯೋಚಿಸಿದೆವು

ಕಾಂಟ್ರಾಕ್ಟರ್ ಮೊದಲು ಹೇಳಿದ್ದು, "ಇದನ್ನ ಕ್ಯಾವಿಟಿ ವಾಲ್ ಅಂದುಕೊಳ್ಳಿ, ಅದರಲ್ಲೂ ಎರಡು ಪದರ, ನಡುವೆ ಖಾಲಿ ಇರುತ್ತೆ." ಮಾತು ಪೂರ್ತಿ ಸುಳ್ಳಲ್ಲ. ಕ್ಯಾವಿಟಿ ಗೋಡೆಗೆ ಎರಡು ಪದರದ ಒಟ್ಟು ದಪ್ಪದ ಮೂರನೇ ಎರಡು ಪಾಲು ಲೆಕ್ಕಕ್ಕೆ ಸಿಗುತ್ತದೆ. ಆದರೆ ಆ ಪದರಗಳನ್ನು ಲೋಹದ ಟೈಗಳು, ಅಂದರೆ ಕೊಂಡಿಗಳು, ಹಿಡಿದಿರುತ್ತವೆ. ಇಲ್ಲಿ ಹಿಡಿದದ್ದು ಗಾರೆ ಉಂಡೆಗಳು.

ಎರಡನೆಯದು, ಮೇಲಿನಿಂದ ಸಂದಿಗೆ ಸಿಮೆಂಟ್ ಗ್ರೌಟ್ (ತೆಳ್ಳಗೆ ಕಲಸಿದ ಸಿಮೆಂಟ್) ಸುರಿಯುವುದು. ಮನೆಯವರಿಗೆ ಇದು ಬಹಳ ಹಿಡಿಸಿತು, ಏನೂ ಒಡೆಯಬೇಕಿಲ್ಲವಲ್ಲ. ನನಗೂ ಒಂದು ರಾತ್ರಿ ಆಸೆ ಆಯಿತು. ಬೆಳಗ್ಗೆ ಲೆಕ್ಕ ಹಾಕಿದೆ. ಹಸಿ ಗ್ರೌಟ್ ಒಂದೇ ಮೀಟರ್ ಎತ್ತರಕ್ಕೆ ತುಂಬಿದರೂ ಬುಡದಲ್ಲಿ ಪಕ್ಕಕ್ಕೆ ಒತ್ತುವುದು ಚದರ ಮೀಟರ್‌ಗೆ ಸುಮಾರು 20 ಕಿಲೋನ್ಯೂಟನ್. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿಯ ಒತ್ತಡ ಅರ್ಧದಿಂದ ಮುಕ್ಕಾಲು ಕಿಲೋನ್ಯೂಟನ್. ಗಾಳಿಗೇ ಬಾಗಿದ ಪದರಕ್ಕೆ ಗಾಳಿಯ ಮೂವತ್ತು ಪಟ್ಟು ಒತ್ತಡ ಒಳಗಿನಿಂದ ಕೊಟ್ಟರೆ ಅದು ಅಂಗಳದಲ್ಲಿರುತ್ತದೆ. ಬಿಟ್ಟೆವು.

ಮೂರನೆಯದು, ತೂತು ಕೊರೆದು ಕಂಬಿ ಹಾಕಿ ಎರಡು ಪದರವನ್ನು ಹೊಲಿಯುವುದು. ಬಾಗದ ಗೋಡೆಗೆ ಇದು ಒಳ್ಳೆ ದಾರಿ. ಬಾಗಿದ್ದನ್ನು ಬಾಗಿದ ಹಾಗೇ ಹೊಲಿಯುವುದು ನನಗೆ ಬೇಡವೆನಿಸಿತು.

ಕೊನೆಗೆ ಹೊರಗಿನ ಪದರ ಪೂರ್ತಿ ಇಳಿಸಿ, ಒಳಗಿನದಕ್ಕೆ ಸರಿಹೊಂದುವ ಸಾಧಾರಣ ಇಟ್ಟಿಗೆಯಲ್ಲೇ ಮತ್ತೆ ಕಟ್ಟುವುದು ಎಂದು ನಿರ್ಧಾರವಾಯಿತು. ವೈರ್‌ಕಟ್ ಅಂದ ಹೋಗುತ್ತದೆ ಎಂದು ಮನೆಯ ಅಮ್ಮನವರಿಗೆ ಬೇಜಾರಾಯಿತು. ಆದರೂ ಸ್ಕೇಲ್ ಇಳಿದದ್ದನ್ನು ಕಣ್ಣಾರೆ ನೋಡಿದ್ದರಿಂದ ಒಪ್ಪಿದರು.

ಕೆಲಸ ನಡೆದದ್ದು ಹೀಗೆ

ತಾರಸಿಗೆ ಒಳಗಡೆ ಸಾಲಾಗಿ ಜಾಕಿ ಕೊಟ್ಟೆವು. ಪ್ಯಾರಪೆಟ್‌ನಿಂದ ಶುರುಮಾಡಿ ವರಸೆ ವರಸೆಯಾಗಿ ಇಳಿಸಿದೆವು. ಸುತ್ತಿಗೆ ಬೇಕಾಗಲಿಲ್ಲ. ಎಷ್ಟೋ ಇಟ್ಟಿಗೆ ಕೈಯಲ್ಲೇ ಬಂದವು, ಗಾರೆ ಅಂಟಿಯೇ ಇರಲಿಲ್ಲ. ನೀರಲ್ಲಿ ನೆನೆಸದೆ ಕಟ್ಟಿದ್ದರು.

ಆಮೇಲೆ ಒಳಗಿನ ಪದರದಲ್ಲಿ ಗೂಡು ಮಾಡಬೇಕು. ಇಟ್ಟಿಗೆ ಈಗ ಒಂದೇ ಅಳತೆಯಾದ್ದರಿಂದ ಒಂದು ಅನುಕೂಲ ಸಿಕ್ಕಿತು. ಒಂದು ಉದ್ದ ಇಟ್ಟಿಗೆ ತೆಗೆದರೆ ಆ 230 ಮಿ.ಮೀ. ಜಾಗದಲ್ಲಿ ಎರಡು ಅಡ್ಡ ಇಟ್ಟಿಗೆ ಕೂರುತ್ತವೆ: 110, ನಡುವೆ 10 ಗಾರೆ, ಮತ್ತೆ 110. ಅವುಗಳ ಇನ್ನರ್ಧ ಹೊರಗೆ ಚಾಚಿಕೊಂಡು ಹೊಸ ಪದರದ ವರಸೆಯಲ್ಲಿ ಸೇರಿಕೊಳ್ಳುತ್ತದೆ. ಆರು ವರಸೆಗೊಂದು ಸಾಲು, ಅಂದರೆ 480 ಮಿ.ಮೀ.ಗೆ. ಒಂದರ ಮೇಲೊಂದು ಬರದಂತೆ ಸರಿಸಿ ಸರಿಸಿ ಇಟ್ಟೆವು.

ಮೊದಲ ದಿನ ಉಳಿ ಸುತ್ತಿಗೆಯಲ್ಲಿ ಗೂಡು ಕೆತ್ತಿಸಿದ್ದು ತಪ್ಪಾಯಿತು. ನಾಲ್ಕನೇ ಗೂಡಿಗೆ ಅಕ್ಕಪಕ್ಕದ ಇಟ್ಟಿಗೆಗಳೂ ಅಲ್ಲಾಡತೊಡಗಿದವು. ಭಾರ ಹೊತ್ತಿರುವ 4 ಇಂಚಿನ ಪದರಕ್ಕೆ ಅಷ್ಟು ಏಟು ಜಾಸ್ತಿ. ನಿಲ್ಲಿಸಿ, ಸಂದಿನ ಗಾರೆಯನ್ನು ಕಟಿಂಗ್ ಮೆಷಿನ್‌ನಲ್ಲಿ ಸೀಳಿ ಇಟ್ಟಿಗೆ ಹೊರಗೆಳೆಯುವುದಕ್ಕೆ ಬದಲಾಯಿಸಿದೆವು. ಒಂದು ಗೂಡು ತುಂಬಿ ಗಾರೆ ಗಟ್ಟಿಯಾದ ಮೇಲೇ ಪಕ್ಕದ ಗೂಡು. ನಾಲ್ಕು ದಿನದ ಕೆಲಸ ಎರಡು ವಾರವಾಯಿತು.

ನಡುವಿನ ಸಂದನ್ನು ಪ್ರತಿ ವರಸೆಗೂ ಗಾರೆ ಒತ್ತಿ ತುಂಬಿಸಿದೆವು. ದಿನಕ್ಕೆ ಒಂದು ಮೀಟರ್‌ಗಿಂತ ಎತ್ತರ ಏರಿಸಲಿಲ್ಲ. ತಾರಸಿಯ ಅಂಚಿನಲ್ಲಿ ಕಂಬಿ ಕೂರಿಸಿ, ಹೊಸ ಪದರದ ತಲೆಯ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿ ತಾರಸಿಗೆ ಕಟ್ಟಿದೆವು. ಪ್ಯಾರಪೆಟ್ ಮತ್ತೆ ಕಟ್ಟಲಿಲ್ಲ, ಪೈಪ್ ರೇಲಿಂಗ್ ಹಾಕಿಸಿದೆವು.

ಏನಾಯಿತು, ಏನಾಗಲಿಲ್ಲ

ಇಷ್ಟೆಲ್ಲ ಆದ ಮೇಲೆ ಮನೆಯವರ ಮೊದಲ ಪ್ರಶ್ನೆ ಮತ್ತೆ ಬಂತು: ಈಗ ಮೇಲೆ ಕಟ್ಟಬಹುದಾ? ಇಲ್ಲ ಅಂದೆ. ಆಮೇಲೆ ಕಚ್ಚಿಸಿದ ಗೋಡೆ ಮೊದಲಿನಿಂದ ಬಾಂಡ್ ಹಿಡಿದು ಕಟ್ಟಿದ ಗೋಡೆಗೆ ಸಮ ಅಂತ ಸಹಿ ಹಾಕಲು ನಾನು ತಯಾರಿಲ್ಲ. ಈಗಾಗಲೇ ತಾರಸಿಯ ಭಾರ ಹೊತ್ತು ಕುಗ್ಗಿದ ಒಳಪದರಕ್ಕೂ ಹೊಸ ಹೊರಪದರಕ್ಕೂ ಹೊಸ ಭಾರ ಸಮನಾಗಿ ಹಂಚಿಕೆ ಆಗುವುದಿಲ್ಲ. ಈಗಿನ ಕೋಣೆಗೆ ಭಯವಿಲ್ಲ. ಮೇಲೆ ಬೇಕೇ ಬೇಕೆಂದರೆ ಬೇರೆ ಪಾಯದ ಮೇಲೆ ಕಂಬ ಎಬ್ಬಿಸಿ, ಈ ಗೋಡೆಯನ್ನು ಮುಟ್ಟದೆ ಕಟ್ಟಬೇಕು. ಅವರು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಸ್ವಲ್ಪ ಸಿಟ್ಟೂ ಇದೆ, ತಪ್ಪೇನಲ್ಲ.

ನನ್ನ ಅಭ್ಯಾಸದಲ್ಲಿ ಬದಲಾದದ್ದು ಎರಡು. ಗೋಡೆಯ ದಪ್ಪವನ್ನು ಬಾಗಿಲ ಅಂಚಿನಲ್ಲಿ ಅಳೆದು ನಿಲ್ಲಿಸುವುದಿಲ್ಲ, ನಡುವೆ ಎರಡು ಕಡೆಯಾದರೂ ತೂತು ಕೊರೆಸುತ್ತೇನೆ. ಹೊರಗೆ ಬರೀ ಉದ್ದ ಇಟ್ಟಿಗೆ ಕಾಣುವ 9 ಇಂಚಿನ ಗೋಡೆ ಕಂಡರೆ ಅಡ್ಡ ಇಟ್ಟಿಗೆ ಎಲ್ಲಿ ಎಂದು ಮೊದಲು ಕೇಳುತ್ತೇನೆ. ಇನ್ನು, ಎರಡು ಬಗೆಯ ಇಟ್ಟಿಗೆ ಬರುವ ಸೈಟಿನಲ್ಲಿ ಆರ್ಡರ್ ಕೊಡುವ ಮೊದಲೇ ಒಂದೊಂದು ತರಿಸಿ ಎತ್ತರ ಅಳೆಯುತ್ತೇವೆ. ಹೊಂದದಿದ್ದರೆ ಟೈ ಹಾಕಬೇಕಾ, ಇಟ್ಟಿಗೆ ಬದಲಿಸಬೇಕಾ ಎಂದು ಅಲ್ಲೇ ತೀರ್ಮಾನ.

ಮೂಲೆಯ ಹಳೆ ಬಿರುಕಿಗೆ ಪುಟ್ಟಿ ಹಾಕಿಸಲಿಲ್ಲ. ಹಳೆ ಗೋಡೆಯನ್ನು ಕೆತ್ತಿ ಕಚ್ಚಿಸುವ ಬದಲು, ಅದನ್ನು ಸಂದು ಅಂತಲೇ ಒಪ್ಪಿ, ನೆಟ್ಟಗೆ ಸೀಳಿ, ಹಿಗ್ಗುವ ಸೀಲೆಂಟ್ ತುಂಬಿಸಿ ಮೇಲೆ ಒಂದು ಮರದ ಪಟ್ಟಿ ಹೊಡೆಸಿದೆವು. ಗೋಡೆ ಅಲುಗಿದರೆ ಒಡೆದು ತೋರಿಸಲಿ ಎಂದು ಹೊಸ ಕೂಡುಭಾಗಗಳ ಮೇಲೆ ಮೂರು ಗಾಜಿನ ಚೂರು ಅಂಟಿಸಿ, ತಾರೀಖು ಬರೆದು ಬಂದಿದ್ದೆ. ಒಂದು ಮಳೆಗಾಲ ಕಳೆದು ಹೋಗಿ ನೋಡಿದಾಗ ಮೂರೂ ಗಾಜು ಹಾಗೇ ಇದ್ದವು. ಮರದ ಪಟ್ಟಿಯ ಹಿಂದೆ ಸೀಲೆಂಟ್ ಒಂದು ಕೂದಲೆಳೆಯಷ್ಟು ಎಳೆದಿತ್ತು.